ಹೊಸ್ತಿಲ ಮೇಲೆ ಎಲ್ಲರೂ ಒಂದೇ ಅಲ್ಲ

ಈಗೀಗ ‘ಲಿಮಿನಲ್’ ಎಂಬ ಪದ ಕಿವಿಗೆ ಬೀಳದೆ ನಮ್ಮ ಸಾಹಿತ್ಯ ಸಂಕಿರಣಗಳು ಮುಗಿಯುವುದೇ ಇಲ್ಲ. ಜಗಲಿ, ಮುಸ್ಸಂಜೆ, ಬಸ್ ನಿಲ್ದಾಣ, ವಿಧವೆ, ದಲಿತ, ವಲಸಿಗ ಎಲ್ಲವೂ ಲಿಮಿನಲ್, ಎಲ್ಲರೂ ಹೊಸ್ತಿಲ ಮೇಲಿನವರು. ಪಿಎಚ್.ಡಿ. ಮಾಡುತ್ತಿರುವ ನಾನು ದಿನವೂ ಈ ಪರಿಭಾಷೆಯ ನಡುವೆಯೇ ಇದ್ದೇನೆ. ಅದಕ್ಕೇ ಹೇಳುತ್ತಿದ್ದೇನೆ: ನಾವು ಈ ಪದವನ್ನು ಬಳಸುತ್ತಿರುವ ರೀತಿ ಅನ್ಯಾಯವನ್ನು ಮರೆಮಾಚುತ್ತಿದೆ.

1909ರಲ್ಲಿ ಆರ್ನಾಲ್ಡ್ ವ್ಯಾನ್ ಜೆನೆಪ್ ಬದುಕಿನ ಸ್ಥಿತ್ಯಂತರದ ಆಚರಣೆಗಳಲ್ಲಿ ಮೂರು ಹಂತಗಳನ್ನು ಗುರುತಿಸಿದ: ಬೇರ್ಪಡುವುದು, ನಡುವೆ ಇರುವುದು, ಮತ್ತೆ ಸೇರಿಕೊಳ್ಳುವುದು. ನಡುವಿನ ಹಂತವನ್ನು ವಿಕ್ಟರ್ ಟರ್ನರ್ ವಿಸ್ತರಿಸಿದ. ನಾವು ಆ ನಡುವಿನದನ್ನಷ್ಟೇ ಎತ್ತಿಕೊಂಡು ಮೂರನೆಯದನ್ನು ಮರೆತೆವು. ಹೊಸ್ತಿಲಲ್ಲಿ ನಿಂತವನಿಗೆ ಮುಂದೆ ಒಂದು ಜಾಗ ಕಾದಿರುತ್ತದೆ. ಅಂಚಿನಲ್ಲಿರುವವರಿಗೆ ಆ ಭರವಸೆ ಇಲ್ಲ. ಈ ವ್ಯತ್ಯಾಸವನ್ನು 1974ರ ಪುಸ್ತಕದಲ್ಲಿ ಟರ್ನರನೇ ಹೇಳಿದ್ದಾನೆ.

1965ರಲ್ಲಿ ಬಂದ ಅನಂತಮೂರ್ತಿಯವರ ‘ಸಂಸ್ಕಾರ’ವನ್ನೇ ನೋಡಿ. ಪ್ರಾಣೇಶಾಚಾರ್ಯರ ತೊಳಲಾಟವನ್ನು ಲಿಮಿನಲ್ ಎಂದರೆ ಒಪ್ಪಬಹುದು. ಸೂತಕದಲ್ಲೇ ಜಾತ್ರೆ ಸುತ್ತಿದರೂ ಕೊನೆಗೆ ಅಗ್ರಹಾರಕ್ಕೆ ಹೊರಡುವ ಗಾಡಿ ಹತ್ತಲು ಅವರಿಗೆ ಸಾಧ್ಯ. ಅಲ್ಲಿ ಏನಾಗುತ್ತದೋ ತಿಳಿಯದು, ಆದರೆ ಹೋಗಿ ಮಾತಾಡುವ ಅಧಿಕಾರವಂತೂ ಇದೆ. ಚಂದ್ರಿಯ ಕಥೆ ಬೇರೆ. ನಾರಣಪ್ಪನ ಜೊತೆ ವರ್ಷಗಟ್ಟಲೆ ಬಾಳಿದರೂ ಅಗ್ರಹಾರ ಅವಳನ್ನು ತನ್ನವಳೆಂದು ಒಪ್ಪಲಿಲ್ಲ. ಶವಸಂಸ್ಕಾರದ ಖರ್ಚಿಗೆಂದು ಅವಳು ಬಿಚ್ಚಿಟ್ಟ ಒಡವೆಗಳ ಮೇಲೆ ಬ್ರಾಹ್ಮಣರ ಕಣ್ಣು ಬಿತ್ತು. ಶಾಸ್ತ್ರ ದಾರಿ ತೋರದೆ ಹೆಣ ಕೊಳೆಯುತ್ತಿದ್ದಾಗ, ಅಹ್ಮದ್ ಬ್ಯಾರಿಯ ನೆರವಿನಿಂದ ರಾತ್ರೋರಾತ್ರಿ ಸುಡಿಸಿದವಳು ಅವಳೇ. ಆಮೇಲೆ ಕುಂದಾಪುರಕ್ಕೆ ಹೊರಟುಹೋದಳು. ಅವಳಿಗೆ ಮೂರನೆಯ ಹಂತವೇ ಇಲ್ಲ.

ಇವರಿಬ್ಬರಿಗೂ ಒಂದೇ ಪದ ಅಂಟಿಸುವ ಪ್ರಬಂಧಗಳನ್ನು ಓದಿದಾಗ ನನಗೆ ಸಿಟ್ಟು ಬರುತ್ತದೆ. ಹೊರಗಿಟ್ಟದ್ದಕ್ಕೆ ‘ಅನಿಶ್ಚಿತತೆಯ ಸೌಂದರ್ಯ’ ಎಂದು ಹೆಸರಿಟ್ಟರೆ ಹೊರಗಿಟ್ಟವರ ಹೆಸರು ಹೇಳುವ ಕಷ್ಟ ತಪ್ಪುತ್ತದೆ.

ಕಾದಂಬರಿಯ ಕೇಂದ್ರ ಆಚಾರ್ಯರೇ ಅಲ್ಲವೇ ಎನ್ನಬಹುದು. ನಿಜ. ಆದರೆ ಕಾದಂಬರಿ ಕೂತ ಕಡೆಯೇ ವಿಮರ್ಶಕರೂ ಕೂರಬೇಕೆಂಬ ನಿಯಮ ಎಲ್ಲಿದೆ?

ಹೊಸ್ತಿಲು ದಾಟುವುದೆಂದರೇನು ಎಂದು ನಮ್ಮ ಮನೆಗಳಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಕೆಲವರು ಯೋಚಿಸದೆ ದಾಟುತ್ತಾರೆ, ಕೆಲವರು ಅಪ್ಪಣೆ ಕೇಳುತ್ತಾರೆ, ಕೆಲವರು ಅಂಗಳದಲ್ಲೇ ನಿಲ್ಲುತ್ತಾರೆ. ಮುಂದಿನ ಪ್ರಬಂಧದಲ್ಲಿ ‘ಲಿಮಿನಲ್’ ಎಂದು ಬರೆಯುವ ಮುನ್ನ, ಈ ಪಾತ್ರಕ್ಕೆ ಒಳಗೆ ಜಾಗ ಇದೆಯೇ, ಇಲ್ಲದಿದ್ದರೆ ಬಾಗಿಲು ಹಾಕಿದವರು ಯಾರು ಎಂದು ಬರೆಯಿರಿ. ಅದಾದ ಮೇಲೂ ಆ ಪದ ಬೇಕೆನಿಸಿದರೆ ಬಳಸಿ.