ರಕ್ತ ಮಲೆನಾಡಿನದು, ವಿದ್ಯೆ ಯಾರದು?

ವಿಶ್ವವಿದ್ಯಾಲಯಗಳೂ ಆರೋಗ್ಯ ಇಲಾಖೆಯೂ ಕೈಜೋಡಿಸಬೇಕೆಂಬ ಮಾತು ವಿಚಾರ ಸಂಕಿರಣಗಳಲ್ಲಿ ಮೊಳಗುತ್ತಲೇ ಇರುತ್ತದೆ. ಒಡಂಬಡಿಕೆಗೆ ಸಹಿ ಬೀಳುತ್ತದೆ, ಹಾರ ತುರಾಯಿಗಳ ವಿನಿಮಯವಾಗುತ್ತದೆ. ಆದರೆ ಅದರ ಫಲ ದರಗು ಗುಡಿಸಲು ಕಾಡಿಗೆ ಹೋಗುವ ಕೂಲಿ ಹೆಂಗಸಿನ ಮನೆಬಾಗಿಲನ್ನು ಮುಟ್ಟಿತೇ ಎಂದು ಕೇಳುವವರು ವಿರಳ. ಮಲೆನಾಡಿನಲ್ಲಿ ಈ ಪ್ರಶ್ನೆಗೆ ಮಂಗನ ಕಾಯಿಲೆಯ ಚರಿತ್ರೆಯೇ ಸಾಕ್ಷಿ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ನರಳಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ 1952ರಲ್ಲಿ ಸ್ಥಾಪಿಸಿದ್ದ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದರು. ವೈರಸ್ಸನ್ನೂ ಅದನ್ನು ಹರಡುವ ಉಣುಗನ್ನೂ ಗುರುತಿಸಿದರು. ಅದು ವಿಜ್ಞಾನದ ದೊಡ್ಡ ಸಾಧನೆ. ಅದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಒಂದು ಕಾಡಿನ ಹೆಸರು ಜಗತ್ತಿನ ವೈದ್ಯಶಾಸ್ತ್ರದ ಪುಸ್ತಕಗಳಲ್ಲಿ ಸೇರಿತು. ಕಾಡಿನ ಅಂಚಿನ ಜನಕ್ಕೆ ಆ ವಿದ್ಯೆಯಲ್ಲಿ ಸಿಕ್ಕ ಪಾಲೆಷ್ಟು ಎಂಬುದು ಬೇರೆಯೇ ಲೆಕ್ಕ.

1969ರಲ್ಲಿ ಹೋರ್ಹೆ ಬೋಶೆಲ್ ಎಂಬ ವಿಜ್ಞಾನಿ ಈ ರೋಗದ ಪರಿಸರ ಹಿನ್ನೆಲೆಯನ್ನು ವಿವರಿಸಿ ಬರೆದರು. ಕಾಡು ಕಡಿದು ಸಾಗುವಳಿ ವಿಸ್ತರಿಸಿದಂತೆ, ಕಾಡಿನಂಚಿನಲ್ಲಿ ದನಕರುಗಳ ಮೇವು ಹೆಚ್ಚಿದಂತೆ ಉಣುಗುಗಳು ಹೆಚ್ಚುತ್ತವೆ, ರೋಗವು ಮನುಷ್ಯನ ಬಳಿಗೆ ಬರುತ್ತದೆ ಎಂಬುದು ಆ ವಿವರಣೆಯ ತಿರುಳು. ವಿದ್ಯೆ ಕೈಯಲ್ಲಿತ್ತು. ಆದರೂ 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ನೆಡುವುದಕ್ಕಾಗಿ ಕಾಡು ಸವರಲಾಯಿತು. ಬೆನ್ನಿಗೇ ಅಲ್ಲಿ ಮಂಗನ ಕಾಯಿಲೆ ಭೀಕರವಾಗಿ ಎರಗಿತು. ವಿಜ್ಞಾನಿಯ ಬರಹವನ್ನು ಓದಬೇಕಾದ ಬಾಧ್ಯತೆ ಯಾವ ಇಲಾಖೆಗೂ ಇರಲಿಲ್ಲ.

ಲಸಿಕೆಯ ಕತೆಯೂ ಇದಕ್ಕಿಂತ ಭಿನ್ನವಲ್ಲ. ರಾಜ್ಯದ ಆರೋಗ್ಯ ಇಲಾಖೆಯ ಸಿಬ್ಬಂದಿಯೂ ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯ ತಜ್ಞರೂ ಸೇರಿ 2005ರಿಂದ 2010ರವರೆಗಿನ ಅಂಕಿಅಂಶಗಳನ್ನು ಪರಿಶೀಲಿಸಿದರು. ಎರಡು ಚುಚ್ಚುಮದ್ದು ಪಡೆದವರಲ್ಲಿ ಲಸಿಕೆಯ ಪರಿಣಾಮ ಶೇ. 62.4 ಮಾತ್ರ, ಮುಂದೆ ಬಲವರ್ಧಕ ಚುಚ್ಚುಮದ್ದನ್ನೂ ಪಡೆದವರಲ್ಲಿ ಶೇ. 82.9 ಎಂದು 2013ರಲ್ಲಿ ಪ್ರಕಟಿಸಿದರು. ಇಲಾಖೆ ಮತ್ತು ವಿದ್ವತ್ ಸಂಸ್ಥೆ ಜೊತೆಗೂಡಿದರೆ ಏನು ಸಾಧ್ಯ ಎಂಬುದಕ್ಕೆ ಇದು ಮಾದರಿ. ಆದರೆ 2018-19ರ ಋತುವಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾವುಗಳು ಸಂಭವಿಸಿದಾಗಲೂ ಬಳಕೆಯಲ್ಲಿದ್ದುದು ಅದೇ ಹಳೆಯ ಲಸಿಕೆ. 2022ರಲ್ಲಿ ಅದನ್ನು ನಿಲ್ಲಿಸಿದಾಗ ಅದರ ಜಾಗಕ್ಕೆ ಹೊಸದು ಸಿದ್ಧವಿರಲಿಲ್ಲ. ವರದಿಗೂ ಕ್ರಮಕ್ಕೂ ನಡುವೆ ಒಂಬತ್ತು ವರ್ಷಗಳ ಕಂದರ! ಆ ಕಂದರದಲ್ಲಿ ಬಿದ್ದವರು ಪ್ರಾಧ್ಯಾಪಕರಲ್ಲ, ಅಧಿಕಾರಿಗಳಲ್ಲ. ಸೌದೆಗೂ ಸೊಪ್ಪಿಗೂ ಕಾಡಿಗೆ ಹೋದವರು.

ಕುದುರೆಮುಖದ ಅದಿರು ಬೆಟ್ಟ ಇಳಿದು ಹೋದಂತೆ ಮಲೆನಾಡಿನ ರಕ್ತದ ಮಾದರಿಗಳೂ ಇಳಿದು ಹೋಗುತ್ತವೆ. ಅದಿರು ಹೋದಲ್ಲಿ ಗುಂಡಿ ಉಳಿಯಿತು. ರಕ್ತ ಹೋದಲ್ಲಿ ಉಳಿದುದು ಉಣುಗು ನಿವಾರಕ ತೈಲದ ಶೀಶೆ ಮತ್ತು ಕಾಡಿಗೆ ಹೋಗಬೇಡಿರೆಂಬ ಬುದ್ಧಿವಾದ. ಕಾಡಿಗೆ ಹೋಗದಿದ್ದರೆ ಒಲೆ ಉರಿಯದ ಮನೆಗೆ ಆ ಬುದ್ಧಿವಾದದಿಂದ ಏನು ಪ್ರಯೋಜನ?

ಬೇರೆ ದಾರಿ ಇದೆ ಎಂಬುದಕ್ಕೂ ನಿದರ್ಶನವಿದೆ. ಬ್ರಿಟನ್ನಿನ ಮತ್ತು ಭಾರತದ ಸಂಶೋಧನಾ ಸಂಸ್ಥೆಗಳು ಆರೋಗ್ಯ, ಪಶುಪಾಲನೆ ಮುಂತಾದ ಇಲಾಖೆಗಳೊಡನೆ ಕುಳಿತು ಅಪಾಯದ ಪ್ರದೇಶಗಳ ನಕ್ಷೆ ರೂಪಿಸಿ 2020ರಲ್ಲಿ ಪ್ರಕಟಿಸಿದವು. ನಿತ್ಯಹರಿದ್ವರ್ಣದ ಕಾಡೂ ನೆಡುತೋಪೂ ಬೆರೆತಿರುವಲ್ಲಿ, ನಾಟಿ ದನಗಳು ಹೆಚ್ಚಿರುವಲ್ಲಿ ಅಪಾಯ ಹೆಚ್ಚೆಂದು ಆ ಅಧ್ಯಯನ ತೋರಿಸಿತು. ಉತ್ತಮ ಕೆಲಸವೇ ಸರಿ. ಆದರೆ ಇಂಥ ಯೋಜನೆಗಳು ಅನುದಾನದ ಅವಧಿಗೆ ಕಟ್ಟುಬಿದ್ದವು. ಉಣುಗಿಗೆ ಅವಧಿಯಿಲ್ಲ, ಪ್ರತಿ ಬೇಸಿಗೆಯೂ ಅದರದೇ.

ಹಾಗಾದರೆ ಮನೆಬಾಗಿಲಿನ ವಿದ್ಯಾಸಂಸ್ಥೆಗಳ ಹೊಣೆಯೇನು? ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ. ಇರುವಕ್ಕಿಯಲ್ಲಿ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯವಿದೆ. ಶಿವಮೊಗ್ಗದಲ್ಲಿ ವೈದ್ಯಕೀಯ ಕಾಲೇಜೂ ಪಶುವೈದ್ಯಕೀಯ ಕಾಲೇಜೂ ಇವೆ. ಶಿರಸಿಯಲ್ಲಿ ಅರಣ್ಯ ಕಾಲೇಜಿದೆ. ಮನುಷ್ಯ, ದನ, ಮರ, ಬೆಳೆ ಎಲ್ಲವನ್ನೂ ಬಲ್ಲವರು ಇಷ್ಟು ಹತ್ತಿರವಿದ್ದೂ ಜಿಲ್ಲಾ ಆರೋಗ್ಯಾಧಿಕಾರಿಯ ಮೇಜಿನ ಸುತ್ತ ಇವರಿಗೆ ಖಾಯಂ ಕುರ್ಚಿ ಬೇಡವೇ?

ಬೇಕಾದುದು ಹೊಸ ಒಡಂಬಡಿಕೆಯಲ್ಲ, ಒಡಂಬಡಿಕೆಯಲ್ಲಿ ಹೊಸ ಷರತ್ತುಗಳು. ಒಂದು: ಸಂಶೋಧನೆಯ ಫಲಿತಾಂಶವು ಕನ್ನಡದಲ್ಲಿ, ರೋಗದ ಋತು ಆರಂಭವಾಗುವ ಡಿಸೆಂಬರಿಗೆ ಮುನ್ನ, ಆಯಾ ಗ್ರಾಮಸಭೆಯ ಮುಂದೆ ಬರಬೇಕು. ಎರಡು: ಸಂಶೋಧಕರ ಶಿಫಾರಸಿಗೆ ಇಲಾಖೆಯು ಗೊತ್ತಾದ ಅವಧಿಯಲ್ಲಿ ಲಿಖಿತ ಉತ್ತರ ಕೊಡಬೇಕು, ಒಪ್ಪದಿದ್ದರೆ ಕಾರಣವನ್ನಾದರೂ ಹೇಳಬೇಕು. ಮೂರು: ಕಾಡು ಸವರುವ, ನೆಡುತೋಪು ಬೆಳೆಸುವ ಯಾವುದೇ ಯೋಜನೆಗೆ ಮುನ್ನ ಈ ಕೂಟದ ಅಭಿಪ್ರಾಯ ಕೇಳಬೇಕು. ನಾಲ್ಕು: ಮಂಗ ಸತ್ತ ಸುದ್ದಿಯನ್ನು ಮೊದಲು ತರುವ ಗ್ರಾಮಸ್ಥರೂ ಆಶಾ ಕಾರ್ಯಕರ್ತೆಯರೂ ಕೂಟದ ಸದಸ್ಯರಾಗಬೇಕು.

ಮಾಹಿತಿ ಹೊರಬಿದ್ದರೆ ಜನ ಗಾಬರಿಯಾಗುತ್ತಾರೆಂಬ ವಾದವೊಂದಿದೆ. ರೋಗಿಯ ಹೆಸರು ಗುಟ್ಟಾಗಿರಲಿ, ಅದು ಧರ್ಮ. ಊರಿನ ಅಂಕಿಸಂಖ್ಯೆ ಗುಟ್ಟಾಗಬೇಕಿಲ್ಲ. ಹಿತ್ತಲಲ್ಲಿ ಸತ್ತ ಮಂಗನನ್ನು ಕಂಡವನಿಗೆ ಗಾಬರಿ ಹುಟ್ಟಿಸಲು ವರದಿಯೇ ಬೇಕೇ? ಏನು ಮಾಡಬೇಕೆಂದು ತಿಳಿಯದಿರುವುದೇ ನಿಜವಾದ ಗಾಬರಿ.

ಮಲೆನಾಡಿನ ವಿದ್ಯಾರ್ಥಿಗಳು ಮುಂದಿನ ಬಾರಿ ಕ್ಷೇತ್ರಕಾರ್ಯಕ್ಕೆ ಹಳ್ಳಿಗೆ ಹೋಗುವ ಮುನ್ನ, ಫಲಿತಾಂಶವನ್ನು ಯಾವಾಗ ಮರಳಿ ತರುವುದೆಂದು ತಮ್ಮ ಅಧ್ಯಾಪಕರನ್ನು ಕೇಳಲಿ. ಹಳ್ಳಿಗರು ರಕ್ತ ಕೊಡಲು ತೋಳು ಚಾಚುವ ಮುನ್ನ ಅದೇ ಪ್ರಶ್ನೆಯನ್ನು ಕೇಳಲಿ. ರಕ್ತ ಕೊಟ್ಟವರಿಗೆ ಉತ್ತರ ಪಡೆಯುವ ಹಕ್ಕೂ ಉಂಟು.