ಹೊಸ ಬಗೆಯ ಬ್ಯಾಂಕು, ಹೊಸ ಪದವೀಧರರು

ಚೆನ್ನೈಯ ಕನ್ನಡ ಮನೆಗಳಲ್ಲಿ ಬ್ಯಾಂಕು ಎಂಬ ಮಾತಿಗೆ ಒಂದು ತೂಕವುಂಟು. ಹೋಟೆಲಿನ ಗಲ್ಲಾದಲ್ಲಿ ಕುಳಿತು ದುಡಿದ ತಂದೆ ತನ್ನ ಮಗನನ್ನು ಕೆನರಾ ಬ್ಯಾಂಕಿಗೋ ಸಿಂಡಿಕೇಟ್ ಬ್ಯಾಂಕಿಗೋ ಸೇರಿಸಿದನೆಂದರೆ ಸಂಸಾರ ದಡ ಮುಟ್ಟಿತೆಂದೇ ಲೆಕ್ಕ. ಸಿಂಡಿಕೇಟು 2020ರ ಏಪ್ರಿಲಿನಲ್ಲಿ ಕೆನರಾದೊಳಗೆ ಲೀನವಾಯಿತಾದರೂ ಆ ನಂಬಿಕೆ ಮಾತ್ರ ಕರಗಿಲ್ಲ. ಹೀಗಿರುವಲ್ಲಿ, ಬಿ.ಕಾಂ. ಮುಗಿಸಿದ ಮಗಳು ಬ್ಯಾಂಕಿನ ಪರೀಕ್ಷೆಗೆ ಕೂರಲೊಲ್ಲೆ, ಇನ್‌ವೆಸ್ಟ್‌ಮೆಂಟ್ ಬ್ಯಾಂಕಿಗೆ ಹೋಗುತ್ತೇನೆ ಎಂದರೆ ತಾಯಿತಂದೆಯರು ತಬ್ಬಿಬ್ಬಾಗುವುದು ಸಹಜವೇ. ಅಂಥ ಮನೆಗಳಿಂದ ನಮಗೆ ಈಚೆಗೆ ಪ್ರಶ್ನೆಗಳು ಬರುತ್ತಲಿವೆ.

ಮೊದಲಿಗೆ, ಈ ಬ್ಯಾಂಕಿನಲ್ಲಿ ಪಾಸ್‌ಬುಕ್ಕಿಲ್ಲ, ಕೌಂಟರಿಲ್ಲ. ಕಂಪೆನಿಯೊಂದಕ್ಕೆ ಬಂಡವಾಳ ಬೇಕಾದಾಗ ಅದರ ಷೇರಿಗೆ ಬೆಲೆ ಕಟ್ಟಿ ಕೊಳ್ಳುವವರನ್ನು ಹುಡುಕುವುದು, ಒಂದು ಕಂಪೆನಿ ಇನ್ನೊಂದನ್ನು ಕೊಳ್ಳುವಾಗ ನಡುವೆ ನಿಂತು ಲೆಕ್ಕ ಒಪ್ಪಿಸುವುದು ಇಲ್ಲಿನ ಕಸುಬು. ನಮಗೆ ಹತ್ತಿರದ ಉದಾಹರಣೆ ಬೆಂಗಳೂರಿನ ಇನ್ಫೋಸಿಸ್. 1993ರಲ್ಲಿ ಅದು ತನ್ನ ಷೇರನ್ನು 95 ರೂಪಾಯಿಗೆ ಸಾರ್ವಜನಿಕರ ಮುಂದಿಟ್ಟಾಗ ಎಲ್ಲವೂ ಬಿಕರಿಯಾಗಲಿಲ್ಲ. ಅಮೆರಿಕದ ಮಾರ್ಗನ್ ಸ್ಟ್ಯಾನ್ಲಿ ಸಂಸ್ಥೆ ಒಂದು ಪಾಲು ಕೊಂಡಮೇಲೆ ಕೆಲಸ ನೆರವೇರಿತು. ಅದೇ ವರ್ಷ ಪೇಟೆಗೆ ಬಂದಾಗ ಆ ಷೇರು 145ಕ್ಕೆ ಏರಿತ್ತು. ಆ 95 ಸರಿಯೋ ತಪ್ಪೋ ಎಂದು ಮೊದಲೇ ತೂಗಿ ಹೇಳಬೇಕಾದವನೇ ಈ ಬ್ಯಾಂಕಿನವನು. ನಮ್ಮ ದೇಶದಲ್ಲಿ ಇವನಿಗೆ ಮರ್ಚಂಟ್ ಬ್ಯಾಂಕರ್ ಎಂದು ಹೆಸರು. ಸೆಬಿಯಲ್ಲಿ ನೋಂದಾಯಿಸದೆ ಈ ಕಸುಬು ನಡೆಸುವಂತಿಲ್ಲ.

ಇನ್ನು ಚೆನ್ನೈಯ ಮಾತು. ಇಲ್ಲಿ ಕಣ್ಣು ತೆರೆದಿರಬೇಕು. ಸ್ಟ್ಯಾಂಡರ್ಡ್ ಚಾರ್ಟರ್ಡ್, ಬಾರ್ಕ್ಲೇಸ್ ಮೊದಲಾದ ಹೆಸರಾಂತ ಬ್ಯಾಂಕುಗಳ ದೊಡ್ಡ ಕಛೇರಿಗಳು ನಮ್ಮ ಊರಿನಲ್ಲಿವೆ. ಆದರೆ ಅಲ್ಲಿ ಹೊಸಬರಿಗೆ ಸಿಗುವ ಕೆಲಸದಲ್ಲಿ ಬಹುಪಾಲು ಒಳಮನೆಯದು: ಬೇರೆಲ್ಲೋ ಕುದುರಿದ ವ್ಯವಹಾರದ ಲೆಕ್ಕ ತಾಳೆ ನೋಡುವುದು, ಗಿರಾಕಿಯ ಕಾಗದಪತ್ರ ಪರಿಶೀಲಿಸುವುದು. ವ್ಯವಹಾರ ಕುದುರಿಸುವ ಮುಂಬಾಗಿಲು ಹೆಚ್ಚಾಗಿ ಮುಂಬಯಿಯಲ್ಲಿದೆ. ಮದರಾಸಿನ ಷೇರುಪೇಟೆಯೂ 2015ರಲ್ಲಿ ಬಾಗಿಲು ಮುಚ್ಚಿತು. ಒಳಮನೆಯ ಕೆಲಸ ಕೀಳೆಂದು ನಾವು ಹೇಳುತ್ತಿಲ್ಲ. ಸಂಬಳ ತಿಂಗಳು ತಿಂಗಳು ಬರುತ್ತದೆ, ಮನೆಯೂಟ ತಪ್ಪುವುದಿಲ್ಲ. ಆದರೆ ನಾಲ್ಕೈದು ವರ್ಷ ಅಲ್ಲಿ ಕುಳಿತವರಿಗೆ ಮುಂಬಾಗಿಲಿಗೆ ಬರುವುದು ಕಷ್ಟ. ಆದ್ದರಿಂದ ಸಂದರ್ಶನದಲ್ಲಿ ಸಂಕೋಚವಿಲ್ಲದೆ ಕೇಳಬೇಕು: ನನ್ನ ಮೇಜಿನ ಮೇಲೆ ದಿನವೂ ಬರುವ ಕಾಗದ ಯಾವುದು? ಉತ್ತರದಲ್ಲಿ ಬೆಲೆಕಟ್ಟುವಿಕೆಯ ಸುಳಿವೇ ಇಲ್ಲದಿದ್ದರೆ, ಫಲಕದ ಮೇಲೆ ಏನು ಬರೆದಿದ್ದರೇನು!

ಹಾಗಾದರೆ ಹಾದಿ ಯಾವುದು? ನಮ್ಮ ಮಧ್ಯಮ ತರಗತಿಯ ಮನೆಗಳಿಗೆ ಒಗ್ಗುವುದು ಸಿ.ಎ. ಎಂದೇ ನಮ್ಮ ಮತ. ನುಂಗಂಬಾಕ್ಕಂನಲ್ಲಿಯೇ ಅದರ ದಕ್ಷಿಣ ವಲಯದ ಕಛೇರಿಯಿದೆ. ಹೊಸ ಕ್ರಮದಲ್ಲಿ ಆರ್ಟಿಕಲ್‌ಶಿಪ್ ಎರಡು ವರ್ಷ. ಆ ಎರಡು ವರ್ಷವನ್ನು ಬರಿಯ ತೆರಿಗೆ ಫಾರಂ ತುಂಬುವುದರಲ್ಲಿ ಕಳೆಯದೆ, ಕಂಪೆನಿಗಳ ಕೊಡುಕೊಳ್ಳುವಿಕೆ ನೋಡುವ ವಿಭಾಗವಿರುವ ಆಡಿಟರಲ್ಲಿ ಸೇರಿಕೊಂಡರೆ ಅರ್ಧ ಹಾದಿ ಸಾಗಿದಂತೆ. ದೊಡ್ಡ ಹೆಸರಿನ ಎಂ.ಬಿ.ಎ. ಇನ್ನೊಂದು ಬಾಗಿಲು. ಮಂಗಳೂರಿನಲ್ಲಿ ಹುಟ್ಟಿದ ಕೆ.ವಿ. ಕಾಮತ್ ಅವರು ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಮುಗಿಸಿ, ಅಹಮದಾಬಾದಿನ ಐ.ಐ.ಎಂ.ನಿಂದ 1971ರಲ್ಲಿ ನೇರವಾಗಿ ಐ.ಸಿ.ಐ.ಸಿ.ಐ. ಸೇರಿದವರು. ಆಗ ಅದು ಕಾರ್ಖಾನೆಗಳಿಗೆ ದೀರ್ಘಾವಧಿ ಸಾಲ ಕೊಡುವ ಸಂಸ್ಥೆ. ಯಂತ್ರಶಾಸ್ತ್ರ ಓದಿದವರೂ ಲೆಕ್ಕದ ಲೋಕಕ್ಕೆ ಬರಬಹುದೆಂಬುದಕ್ಕೆ ಇದು ಸಾಕ್ಷಿ. ಸಿ.ಎಫ್.ಎ. ಎಂಬ ಮೂರು ಹಂತದ ಪರೀಕ್ಷೆಯೂ ಉಂಟು. ಶುಲ್ಕ ಡಾಲರಿನಲ್ಲಿ, ಆದ್ದರಿಂದ ಮೊದಲ ಹಂತ ದಾಟಿದಮೇಲೆ ಮುಂದಿನದನ್ನು ಯೋಚಿಸಿದರೆ ಸಾಕು.

ಕಾಸು ಖರ್ಚಿಲ್ಲದ ಒಂದು ಅಭ್ಯಾಸವಿದೆ. ಷೇರು ಬಿಡುಗಡೆಗೆ ಮುನ್ನ ಪ್ರತಿ ಕಂಪೆನಿಯೂ ಪ್ರಕಟಿಸುವ ಪ್ರಾಸ್ಪೆಕ್ಟಸ್ ಯಾರಿಗಾದರೂ ಉಚಿತ. ಒಂದನ್ನು ತೆಗೆದುಕೊಂಡು ಐದಾರು ನೂರು ಪುಟ ಓದಿ, ಅದರ ಲೆಕ್ಕವನ್ನು ಎಕ್ಸೆಲ್‌ನಲ್ಲಿ ತಾವೇ ಕಟ್ಟಿ, ಷೇರಿಗೆ ಇಷ್ಟೇ ಬೆಲೆಯೇಕೆ ಎಂದು ಎರಡು ಪುಟ ಬರೆಯಲಿ. ಆ ಪುಸ್ತಕದ ರಕ್ಷಾಪುಟದಲ್ಲಿಯೇ ವ್ಯವಹಾರ ನಡೆಸಿದ ಮರ್ಚಂಟ್ ಬ್ಯಾಂಕರ ಹೆಸರು, ವಿಳಾಸ ಇರುತ್ತವೆ. 2012ರಿಂದ ಸಣ್ಣ ಕಂಪೆನಿಗಳಿಗೂ ಮುಂಬಯಿಯ ಎರಡು ಷೇರುಪೇಟೆಗಳಲ್ಲಿ ಬೇರೆ ವಿಭಾಗವಿದೆ. ಅಂಥ ಸಣ್ಣ ಬಿಡುಗಡೆ ನಡೆಸುವ ಕಛೇರಿಗಳಿಗೆ ಆ ಎರಡು ಪುಟಗಳೊಡನೆ ವಿನಯದ ಒಂದು ಪತ್ರ ಹೋಗಲಿ. ಹತ್ತಕ್ಕೆ ಒಂಬತ್ತು ಕಡೆ ಉತ್ತರ ಬಾರದು. ಊರಿನಿಂದ ಶಿಫಾರಸಿನ ಚೀಟಿ ಹಿಡಿದು ಮದರಾಸಿಗೆ ಬಂದ ನಮ್ಮ ಹಿರಿಯರೂ ಒಂದೇ ಬಾಗಿಲು ತಟ್ಟಿದವರಲ್ಲ.

ಲಕ್ಷಗಟ್ಟಲೆ ಶುಲ್ಕ ಪಡೆದು ಕೆಲಸ ಖಾತ್ರಿ ಎನ್ನುವ ತರಬೇತಿ ಶಾಲೆಗಳ ವಿಷಯದಲ್ಲಿ ಎಚ್ಚರ. ಹಣ ಕಟ್ಟುವ ಮೊದಲು, ಹೋದ ವರ್ಷ ಓದಿದವರಲ್ಲಿ ಇಬ್ಬರನ್ನಾದರೂ ಕಂಡು ಮಾತನಾಡಿ.

ತಾಯಂದಿರಿಗೆ ಒಂದು ಮಾತು. ವ್ಯವಹಾರ ಮುಗಿಯುವ ವಾರಗಳಲ್ಲಿ ರಾತ್ರಿ ಹನ್ನೆರಡಕ್ಕೆ ಮನೆಗೆ ಬರುವುದು ಈ ಕಸುಬಿನಲ್ಲಿ ಹೊಸದೇನಲ್ಲ. ಮುಂಬಯಿಯಲ್ಲಿ ಬಾಡಿಗೆ ಕೋಣೆಯೂ ಒದಗಬಹುದು. ಮಗನಿಗೆ ಒಪ್ಪುವ ಮನೆ ಮಗಳಿಗೆ ಬೇಡವೆನ್ನುವುದು ನಮಗೆ ನ್ಯಾಯವೆಂದು ತೋರುವುದಿಲ್ಲ. ಈ ಕೆಲಸದಲ್ಲಿರುವ ಸದಸ್ಯರು ಯಾರಾದರೂ ಇದ್ದರೆ, ಮುಂದಿನ ಸಂಚಿಕೆಯೊಳಗೆ ತಮ್ಮ ದಿನಚರಿಯನ್ನು ನಮಗೆ ಬರೆದು ಕಳುಹಿಸಲಿ.