ಹಾಬ್ಸ್‌ನ ಅವನ ಪಾಡಿಗೆ ಬಿಟ್ಟುಬಿಡಿ

ಕ್ಯಾಂಪಸ್ಸಲ್ಲಿ ಸಿನಿಮಾ ಮಾತು ಶುರುವಾದ್ರೆ ಯಾರಾದ್ರೂ ಒಬ್ಬರು ಈ ಪ್ರಶ್ನೆ ಎತ್ತೇ ಎತ್ತುತ್ತಾರೆ: 'ಕ್ಯಾಲ್ವಿನ್ ಆ್ಯಂಡ್ ಹಾಬ್ಸ್' ಯಾಕೆ ಇನ್ನೂ ಸಿನಿಮಾ ಆಗಿಲ್ಲ? ಕ್ಯಾಲ್ವಿನ್ ಪಾತ್ರಕ್ಕೆ ಒಬ್ಬ ತರಲೆ ಹುಡುಗ ಸಿಕ್ಕರೆ ಸಾಕು, ಹುಲಿಗೆ ಗ್ರಾಫಿಕ್ಸ್ ಇದ್ದೇ ಇದೆ. 2012ರ 'ಲೈಫ್ ಆಫ್ ಪೈ' ನೋಡಿಲ್ವಾ? ಅದರಲ್ಲಿನ ಹುಲಿ ಬಹುಪಾಲು ಶಾಟ್‌ಗಳಲ್ಲಿ ಕಂಪ್ಯೂಟರಿನಲ್ಲೇ ಹುಟ್ಟಿದ್ದು. ವಿಷುವಲ್ ಎಫೆಕ್ಟ್ಸ್‌ಗೆ ಆಸ್ಕರ್ ಕೂಡ ಬಂತು. ಅಷ್ಟು ವರ್ಷದ ಹಿಂದೆಯೇ ಆಗಿದ್ದು ಈಗ ಆಗಲ್ವಾ?

ಆಗುತ್ತೆ. ಆದರೂ ಮಾಡಬಾರದು ಅನ್ನೋದು ನಮ್ಮ ಅಭಿಪ್ರಾಯ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳ್ತೀವಿ.

ಓದದವರಿಗಾಗಿ ಎರಡು ಮಾತು. ಅಮೆರಿಕದ ಬಿಲ್ ವಾಟರ್ಸನ್ 1985ರ ನವೆಂಬರ್‌ನಿಂದ 1995ರ ಡಿಸೆಂಬರ್ 31ರವರೆಗೆ ಬರೆದ ದಿನಪತ್ರಿಕೆ ಕಾಮಿಕ್ ಸ್ಟ್ರಿಪ್ ಇದು. ಕ್ಯಾಲ್ವಿನ್ ಆರು ವರ್ಷದ ಹುಡುಗ, ಹಾಬ್ಸ್ ಅವನ ಹುಲಿ. ಇಬ್ಬರೇ ಇದ್ದಾಗ ಹಾಬ್ಸ್ ನಡೀತಾನೆ, ಮಾತಾಡ್ತಾನೆ, ಕುಸ್ತಿ ಆಡ್ತಾನೆ, ಕ್ಯಾಲ್ವಿನ್‌ಗಿಂತ ಬುದ್ಧಿವಂತ ಬೇರೆ. ಪ್ಯಾನೆಲ್ ಒಳಗೆ ಅಮ್ಮನೋ ಅಪ್ಪನೋ ಕಾಲಿಟ್ಟರೆ ಅಲ್ಲಿ ಇರೋದು ಬರೀ ಬಟ್ಟೆ ಬೊಂಬೆ. ಹಾಗಾದ್ರೆ ಹಾಬ್ಸ್ ನಿಜವಾದ ಹುಲಿಯಾ, ಬೊಂಬೆಯಾ? ಒಂದು ಕಥೆಯಲ್ಲಿ ಹಾಬ್ಸ್ ಕ್ಯಾಲ್ವಿನ್‌ನನ್ನು ಕುರ್ಚಿಗೆ ಕಟ್ಟಿಹಾಕ್ತಾನೆ. ಅಪ್ಪ ಬಂದು ನೋಡಿದ್ರೆ ಮಗ ಬಿಗಿಯಾಗಿ ಕಟ್ಟಿಸಿಕೊಂಡು ಕೂತಿದ್ದಾನೆ, ಪಕ್ಕದಲ್ಲಿ ಬೊಂಬೆ. ತನ್ನನ್ನು ತಾನೇ ಹೀಗೆ ಕಟ್ಟಿಕೊಳ್ಳೋಕೆ ಹೇಗೆ ಸಾಧ್ಯ? ಅಪ್ಪನಿಗೂ ಗೊತ್ತಾಗಲ್ಲ, ನಮಗೂ ಗೊತ್ತಾಗಲ್ಲ. ವಾಟರ್ಸನ್ ಹತ್ತು ವರ್ಷ ಈ ಪ್ರಶ್ನೆಗೆ ಉತ್ತರ ಕೊಡಲೇ ಇಲ್ಲ. ಇಡೀ ಸ್ಟ್ರಿಪ್ ನಿಂತಿರೋದು ಆ ಕೊಡದ ಉತ್ತರದ ಮೇಲೆ.

ಒಂದು ಮಾತು ಸ್ಪಷ್ಟ ಮಾಡ್ಬೇಕು. ಸ್ಟ್ರಿಪ್‌ಗಳನ್ನು ಲೈವ್ ಆಕ್ಷನ್ ಮಾಡಲೇಬಾರದು ಅಂತ ನಾವು ಹೇಳ್ತಿಲ್ಲ. ಚೆನ್ನಾಗಿ ಮಾಡಿದವರಿದ್ದಾರೆ. ಚೆಸ್ಟರ್ ಗೌಲ್ಡ್ 1931ರಲ್ಲಿ ಶುರು ಮಾಡಿದ ಪತ್ತೇದಾರಿ ಸ್ಟ್ರಿಪ್ 'ಡಿಕ್ ಟ್ರೇಸಿ'ಯನ್ನು ವಾರೆನ್ ಬೀಟಿ 1990ರಲ್ಲಿ ಸಿನಿಮಾ ಮಾಡಿದರು. ಭಾನುವಾರದ ಪುರವಣಿಯಲ್ಲಿ ಅಚ್ಚಾಗೋ ಸ್ಟ್ರಿಪ್‌ನಲ್ಲಿ ಎಷ್ಟು ಬಣ್ಣ ಇರೋಕೆ ಸಾಧ್ಯವೋ ಅಷ್ಟೇ ಸಾಕು ಅಂತ ಬೆರಳೆಣಿಕೆಯ ಬಣ್ಣಗಳನ್ನು ಇಟ್ಟುಕೊಂಡರು. ನಾಯಕನ ಕೋಟು ಹಳದಿ ಅಂದ್ರೆ ಅಚ್ಚ ಹಳದಿ. ಗೌಲ್ಡ್ ಬಿಡಿಸಿದ ವಿಕಾರ ಮುಖದ ಖಳರನ್ನು ಹಾಗೇ ತರೋಕೆ ನಟರ ಮುಖಕ್ಕೆ ದಪ್ಪ ಮೇಕಪ್ ಮೆತ್ತಿದರು. ಆಲ್ ಪಚೀನೋ ಅಂಥ ನಟನನ್ನೇ ಗುರುತು ಸಿಗದ ಹಾಗೆ ಮಾಡಿಬಿಟ್ಟರು. ಕಲಾ ನಿರ್ದೇಶನಕ್ಕೆ, ಮೇಕಪ್‌ಗೆ, ಹಾಡಿಗೆ ಅಂತ ಮೂರು ಆಸ್ಕರ್ ಬಂತು.

ಅದಕ್ಕೂ ಹತ್ತು ವರ್ಷ ಮೊದಲು, 1980ರಲ್ಲಿ, ರಾಬರ್ಟ್ ಆಲ್ಟ್‌ಮನ್ 'ಪಾಪಾಯ್' ಮಾಡಿದ್ದರು. ರಾಬಿನ್ ವಿಲಿಯಮ್ಸ್ ತೋಳಿಗೆ ಉಬ್ಬಿದ ನಕಲಿ ಸ್ನಾಯು, ಆಲಿವ್ ಆಯ್ಲ್ ಆಗಿ ಕಡ್ಡಿಯಂಥ ಶೆಲ್ಲಿ ಡುವಾಲ್. ಇಡೀ ಊರನ್ನೇ ಮಾಲ್ಟಾ ದ್ವೀಪದ ಕಡಲ ದಂಡೆಯಲ್ಲಿ ಮರದಲ್ಲಿ ಕಟ್ಟಿದರು. ಆ ಸೆಟ್ ನೋಡೋಕೆ ಇವತ್ತಿಗೂ ಪ್ರವಾಸಿಗರು ಹೋಗ್ತಾರೆ. ಕಥೆ ಸ್ವಲ್ಪ ಎಳೆದಾಡುತ್ತೆ, ನಿಜ. ಆದರೆ ಆ ಊರು, ಆ ಮೈಕಟ್ಟು ನೋಡಿದ್ರೆ ಪೇಪರಿನಿಂದ ಎದ್ದು ಬಂದ ಹಾಗೇ ಇದೆ.

ಈ ಎರಡೂ ಸ್ಟ್ರಿಪ್‌ಗಳ ಜೀವ ಇದ್ದಿದ್ದು ತೋರಿಸೋದರಲ್ಲಿ. ಬಣ್ಣ, ಮುಖ, ತೋಳು, ಬೀದಿ. ತೋರಿಸೋದೇ ಕ್ಯಾಮೆರಾ ಕೆಲಸ ಆದ್ದರಿಂದ ಅಲ್ಲಿ ಹೊಂದಿಕೊಂಡಿತು.

ಇನ್ನು ಕೆಲವು ಸ್ಟ್ರಿಪ್‌ಗಳ ಜೀವ ಮುಚ್ಚಿಡೋದರಲ್ಲಿ ಇರುತ್ತೆ. ನಮ್ಮ ಅಪ್ಪ-ಅಮ್ಮಂದಿರ ಕಾಲದವರಿಗೆ ಫ್ಯಾಂಟಮ್ ಅಂದ್ರೆ ಗೊತ್ತು. ಲೀ ಫಾಕ್ 1936ರಲ್ಲಿ ಅಮೆರಿಕದಲ್ಲಿ ಶುರು ಮಾಡಿದ ಸ್ಟ್ರಿಪ್. ನಮ್ಮಲ್ಲಿ ಇಂದ್ರಜಾಲ್ ಕಾಮಿಕ್ಸ್ 1964ರಲ್ಲಿ ಆರಂಭವಾಗಿದ್ದೇ ಅವನ ಕಥೆಯಿಂದ, ಆಮೇಲೆ ಅವನು ಕನ್ನಡದಲ್ಲೂ ಮಾತಾಡಿದ. ಅವನ ಮುಖವಾಡದ ಹಿಂದೆ ಕಣ್ಣುಗುಡ್ಡೆ ಕಾಣೋದಿಲ್ಲ, ಬರೀ ಬಿಳಿ. ಅವನ ಬರಿ ಮುಖ ನೋಡಿದವನಿಗೆ ಭಯಂಕರ ಸಾವು ಅಂತ ಕಾಡಿನ ನಂಬಿಕೆ. ಊರಿಗೆ ಬಂದಾಗಲೂ ಟೋಪಿ, ಕಪ್ಪು ಕನ್ನಡಕ, ನೆರಳು ಬಳಸಿ ಆ ಮುಖವನ್ನು ಓದುಗರಿಂದ ಬಚ್ಚಿಟ್ಟರು. 1996ರ ಸಿನಿಮಾದಲ್ಲಿ ಬಿಲ್ಲಿ ಝೇನ್ ಅದೇ ನೇರಳೆ ಉಡುಪು ಹಾಕಿ, ಕುದುರೆ ಹತ್ತಿ ಬಂದರು. ಆದರೆ ಮುಖವಾಡದಲ್ಲಿ ಕಣ್ಣು ಕಾಣುತ್ತೆ, ನ್ಯೂಯಾರ್ಕ್‌ಗೆ ಹೋದಾಗ ಮುಖವೇ ಕಾಣುತ್ತೆ. ಒಳ್ಳೇ ಸುಂದರ ಮುಖ. ಅದೇ ಸಮಸ್ಯೆ. ಕಾಡನ್ನೇ ನಡುಗಿಸಿದ ಗುಟ್ಟು ಒಬ್ಬ ಸ್ಫುರದ್ರೂಪಿ ನಟ ಆಗಿಬಿಟ್ಟ. ಸಿನಿಮಾ ಓಡಲಿಲ್ಲ.

2004ರ 'ಗಾರ್ಫೀಲ್ಡ್'ದು ಇನ್ನೊಂದು ಕಥೆ. ಸ್ಟ್ರಿಪ್‌ನಲ್ಲಿ ಆ ಬೆಕ್ಕು ಬಾಯಿ ಬಿಟ್ಟು ಮಾತಾಡಲ್ಲ, ಯೋಚನೆ ಮಾಡುತ್ತೆ. ಅದರ ಕುಹಕ ಎಲ್ಲ ಥಾಟ್ ಬಬಲ್‌ನಲ್ಲಿ, ಅಂದ್ರೆ ಬೆಕ್ಕಿಗೂ ನಮಗೂ ಮಧ್ಯೆ. ಸಿನಿಮಾದಲ್ಲಿ ಕಂಪ್ಯೂಟರ್ ಬೆಕ್ಕು ಬಾಯಾಡಿಸುತ್ತೆ, ಬಿಲ್ ಮರ್ರೆ ದನಿ ಬರುತ್ತೆ. ದುಡ್ಡು ಚೆನ್ನಾಗೇ ಆಯ್ತು, 2006ರಲ್ಲಿ ಎರಡನೇ ಭಾಗನೂ ಬಂತು. ಆದರೆ ಓದುಗನ ಕಿವಿಯಲ್ಲಿ ಮಾತ್ರ ಪಿಸುಗುಡ್ತಿದ್ದ ಬೆಕ್ಕು ಎಲ್ಲರೆದುರು ಹರಟೆ ಹೊಡೆಯೋ ಬೆಕ್ಕಾಯ್ತು.

ಈಗ ಹಾಬ್ಸ್ ಹತ್ರ ಬರೋಣ. 'ಅದಕ್ಕೇನು, ಒಂದು ಶಾಟ್ ಹುಲಿ, ಇನ್ನೊಂದು ಶಾಟ್ ಬೊಂಬೆ, ಕಟ್ ಮಾಡಿದ್ರೆ ಆಯ್ತು' ಅಂತ ನಮ್ಮ ಎಡಿಟಿಂಗ್ ಗೆಳೆಯರು ಹೇಳ್ತಾರೆ. ಒಳ್ಳೇ ವಾದ. ಆದರೆ ಪೇಪರ್ ಮೇಲೆ ಹುಲಿ, ಬೊಂಬೆ, ಕ್ಯಾಲ್ವಿನ್, ಅಪ್ಪ ಎಲ್ಲರನ್ನೂ ಒಂದೇ ಕೈ ಒಂದೇ ಇಂಕಿನಲ್ಲಿ ಬಿಡಿಸಿದೆ. ಎಲ್ಲರೂ ಸಮಾನವಾಗಿ ನಿಜ. ಲೈವ್ ಆಕ್ಷನ್‌ನಲ್ಲಿ ಹುಡುಗ ರಕ್ತ-ಮಾಂಸದವನು, ಬೊಂಬೆ ಬಟ್ಟೆಯದ್ದು, ಹುಲಿ ಸಾಫ್ಟ್‌ವೇರಿನದ್ದು. ಎಷ್ಟೇ ಚೆನ್ನಾಗಿ ರೆಂಡರ್ ಮಾಡಿದ್ರೂ ಪ್ರೇಕ್ಷಕ ತಕ್ಷಣ ತೀರ್ಪು ಕೊಟ್ಟುಬಿಡ್ತಾನೆ: ಓ, ಹುಡುಗನ ಕಲ್ಪನೆ. ಇಲ್ಲಾ, ಓ, ಮ್ಯಾಜಿಕ್. ಎರಡರಲ್ಲಿ ಯಾವುದಾದರೂ ಹಾಬ್ಸ್ ಕಥೆ ಮುಗೀತು.

ಇನ್ನೂ ಒಂದಿದೆ. ಸಿಗ್ನಲ್ಸ್ ಕ್ಲಾಸಲ್ಲಿ ನಾವು ಸ್ಯಾಂಪ್ಲಿಂಗ್ ಓದ್ತೀವಲ್ಲ, ಸ್ಟ್ರಿಪ್ ಕೂಡ ಹಾಗೇ. ದಿನಕ್ಕೆ ಮೂರೋ ನಾಲ್ಕೋ ಸ್ಯಾಂಪಲ್ ಕೊಡ್ತಾರೆ, ಮಧ್ಯದ್ದನ್ನು ತುಂಬಿಕೊಳ್ಳೋರು ನಾವು. ಆ ಖಾಲಿ ಜಾಗದಲ್ಲೇ ಹಾಬ್ಸ್‌ನ ದನಿ ಹುಟ್ಟೋದು. ನಮ್ಮಲ್ಲಿ ಕೆಲವರ ತಲೆಯಲ್ಲಿ ಅವನು ಇಂಗ್ಲಿಷ್ ಬಿಟ್ಟು ಕನ್ನಡದಲ್ಲೇ ಗೊಣಗ್ತಾನೆ, ಅದೂ ಥೇಟ್ ಮನೆಯ ಸೋದರಮಾವನ ಥರ. ಸೆಕೆಂಡಿಗೆ 24 ಫ್ರೇಮ್ ಓಡಿಸಿ, ಒಬ್ಬ ಸ್ಟಾರ್ ದನಿ ಕೂರಿಸಿದ್ರೆ ಇಷ್ಟೂ ಹಾಬ್ಸ್‌ಗಳು ಒಟ್ಟಿಗೆ ಬಾಯಿ ಮುಚ್ಚಿಕೊಳ್ತಾರೆ.

ಸಿನಿಮಾ ಆಗದಿದ್ರೆ ಮುಂದಿನವರಿಗೆ ಗೊತ್ತಾಗೋದು ಹೇಗೆ ಅನ್ನೋದು ಇನ್ನೊಂದು ಪ್ರಶ್ನೆ. ಈ ಸ್ಟ್ರಿಪ್ ನಿಂತಾಗ ನಾವ್ಯಾರೂ ಹುಟ್ಟೇ ಇರಲಿಲ್ಲ. ಆದ್ರೂ ನಮಗೆ ಸಿಕ್ಕಿದೆ, ಪುಸ್ತಕಗಳ ಮೂಲಕ, ಸಿನಿಮಾ ಇಲ್ಲದೇನೇ. ಫ್ಯಾಂಟಮ್‌ಗೆ ಸಿನಿಮಾ ಇತ್ತು. ನಮ್ಮ ಬ್ಯಾಚಲ್ಲಿ ಎಷ್ಟು ಜನ ನೋಡಿದ್ದಾರೆ, ಕೈ ಎತ್ತಿ ನೋಡೋಣ.

ಕೊನೆಯದು, ನಮ್ಮಂಥವರಿಗೇ ಸಂಬಂಧಪಟ್ಟದ್ದು. ವಾಟರ್ಸನ್ ಬೊಂಬೆ, ಟಿ-ಶರ್ಟ್‌ಗಳಿಗೆ ಪಾತ್ರಗಳನ್ನು ಮಾರೋಕೆ ಒಪ್ಪಲಿಲ್ಲ. ಅದಕ್ಕಾಗಿ ತಮ್ಮದೇ ಸಿಂಡಿಕೇಟ್ ಜೊತೆ ವರ್ಷಗಟ್ಟಲೆ ಜಗಳ ಆಡಿದರು. ಕೈಗೆ ಬರ್ತಿದ್ದ ದೊಡ್ಡ ದುಡ್ಡನ್ನೂ ಬಿಟ್ಟರು. ಈಗ ಒಂದು ಪ್ರಾಂಪ್ಟ್ ಟೈಪ್ ಮಾಡಿದ್ರೆ ಹುಲಿಯೂ ಹುಡುಗನೂ 'ನಿಜ'ವಾಗಿ ನಡೆದು ಬರೋ ವಿಡಿಯೋ ಸಿಗುತ್ತೆ. ಅವರು ಬೇಡ ಅಂದದ್ದನ್ನು ಹಾಸ್ಟೆಲ್ ರೂಮಲ್ಲಿ ಕೂತು ಐದು ನಿಮಿಷದಲ್ಲಿ ದಾಟಿಬಿಡಬಹುದು. ನಾಳೆ ಟೂಲ್‌ಗಳನ್ನು ಕಟ್ಟೋರು ನಾವೇ. ಮಾಡೋಕೆ ಆಗುತ್ತೆ ಅನ್ನೋದಷ್ಟೇ ಕಾರಣ ಆದ್ರೆ, ಬರೆದವನ 'ಬೇಡ'ಕ್ಕೆ ಬೆಲೆ ಏನು ಉಳೀತು?

ಫೆಸ್ಟ್‌ಗೆ ಶಾರ್ಟ್ ಫಿಲ್ಮ್ ಮಾಡೋ ತಂಡಗಳಿಗೆ ನಮ್ಮದೊಂದು ಮನವಿ. ಯಾವುದೇ ಸ್ಟ್ರಿಪ್ ಮೇಲೆ ಆಸೆ ಹುಟ್ಟಿದ್ರೆ ಬಜೆಟ್, ಗ್ರಾಫಿಕ್ಸ್ ಲೆಕ್ಕಕ್ಕಿಂತ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಏನನ್ನು ಮುಚ್ಚಿಟ್ಟಿದೆ? ಏನೂ ಇಲ್ಲ ಅಂದ್ರೆ, ಬರೆದವರ ಅನುಮತಿ ತಗೊಂಡು ಕ್ಯಾಮೆರಾ ಎತ್ತಿಕೊಳ್ಳಿ, ನಾವೂ ಲೈಟ್ ಹಿಡಿಯೋಕೆ ಬರ್ತೀವಿ. ಹಾಬ್ಸ್ ಥರದ ಗುಟ್ಟು ಇದ್ರೆ ಲೈಬ್ರರಿಗೆ ಹೋಗಿ ಪುಸ್ತಕ ತಗೊಳ್ಳಿ.